ಸಿಲಿಕಾ ಜೆಲ್: ತೇವಾಂಶದ ಕಾವಲುಗಾರ
ಕಡೂರು, ತರೀಕೆರೆ, ಅಜ್ಜಂಪುರ ಪೇಟೆಗಳ ವರ್ತಕರು ಅರಿಯಬೇಕಾದ ಒಂದು ಲೆಕ್ಕ

ಕಡೂರಿನ ಕೊಬ್ಬರಿ, ತರೀಕೆರೆಯ ಅಡಿಕೆ ಮತ್ತು ಅಜ್ಜಂಪುರದ ಈರುಳ್ಳಿ ಈ ಮೂರೂ ಪೇಟೆಗಳ ವಹಿವಾಟಿನಲ್ಲಿ ಬಿಲ್ಲಿನಲ್ಲಿ ಕಾಣದ ನಾಲ್ಕನೆಯ ಸರಕೊಂದಿದೆ. ಅದು ನೀರು. ಕೊಬ್ಬರಿಯಲ್ಲಿ ಅದು ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಅಡಿಕೆಯಲ್ಲಿ ಹೆಚ್ಚಾದರೆ ಚೀಲದಲ್ಲಿರುವಾಗಲೇ ಬಣ್ಣ ಕೆಡುತ್ತದೆ. ಈರುಳ್ಳಿ ಬೀಜದಲ್ಲಿ ಹೆಚ್ಚಾದರೆ ಮುಂದಿನ ಬಿತ್ತನೆಗೆ ಮೊಳಕೆಯೇ ಬಾರದು. ತೂಕದಲ್ಲಿ ಸೇರಿಕೊಂಡು ಮಾರಾಟವಾಗುವ ಈ ನೀರಿಗಾಗಿ ರೈತ ಹಾಗೂ ಮಂಡಿಯವರ ನಡುವೆ, ಮಂಡಿಯವರು ಹಾಗೂ ಹೊರ ಊರಿನ ಖರೀದಿದಾರರ ನಡುವೆ ನಡೆಯುವ ತಕರಾರುಗಳು ವರ್ತಕರಿಗೆ ಹೊಸತಲ್ಲ.

ಈ ನೀರನ್ನು ಅಳೆಯುವ, ತಡೆಯುವ ಮತ್ತು ಕಾಯುವ ಕೆಲಸದಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ವಿಜ್ಞಾನ ಹಾಗೂ ಕೈಗಾರಿಕೆಗಳಿಗೆ ನೆರವಾಗಿರುವ ವಸ್ತುವೇ ಸಿಲಿಕಾ ಜೆಲ್. ಮಾತ್ರೆಯ ಡಬ್ಬಿಯಲ್ಲಿ, ಹೊಸ ಪಾದರಕ್ಷೆಯ ಪೆಟ್ಟಿಗೆಯಲ್ಲಿ ‘ತಿನ್ನಬಾರದು’ ಎಂಬ ಸೂಚನೆಯೊಂದಿಗೆ ದೊರೆಯುವ ಪುಟ್ಟ ಪೊಟ್ಟಣದ ರೂಪದಲ್ಲಿ ಇದು ಎಲ್ಲರಿಗೂ ಪರಿಚಿತ. ಆದರೆ ಅದನ್ನು ಎಲ್ಲಿ ಬಳಸಿದರೆ ಹಣ ಉಳಿಯುತ್ತದೆ, ಎಲ್ಲಿ ಬಳಸಿದರೆ ಹಣ ಪೋಲಾಗುತ್ತದೆ ಎಂಬ ಲೆಕ್ಕವನ್ನು ಹಾಕಿದವರು ವಿರಳ.

ಏನಿದು ಸಿಲಿಕಾ ಜೆಲ್?

ಮರಳು ಮತ್ತು ಸ್ಫಟಿಕ ಶಿಲೆಯಲ್ಲಿರುವ ಸಿಲಿಕಾನ್ ಡೈಆಕ್ಸೈಡ್ ಎಂಬ ಸಂಯುಕ್ತವೇ ಸಿಲಿಕಾ ಜೆಲ್‌ನಲ್ಲಿಯೂ ಇರುತ್ತದೆ. ವ್ಯತ್ಯಾಸವಿರುವುದು ರಚನೆಯಲ್ಲಿ. ಮರಳು ಮತ್ತು ಸೋಡಾ ಬೂದಿಯನ್ನು ಕರಗಿಸಿ ಪಡೆದ ಸೋಡಿಯಂ ಸಿಲಿಕೇಟ್ ದ್ರಾವಣಕ್ಕೆ ಗಂಧಕಾಮ್ಲವನ್ನು ಸೇರಿಸಿದಾಗ ಲೋಳೆಯಂತಹ ಮುದ್ದೆಯೊಂದು ಉಂಟಾಗುತ್ತದೆ. ಅದರಲ್ಲಿರುವ ಲವಣವನ್ನು ತೊಳೆದು ತೆಗೆದು, ಮುದ್ದೆಯನ್ನು ಒಣಗಿಸಿದಾಗ ಗಾಜಿನ ಚೂರುಗಳಂತಹ ಗಟ್ಟಿ ಹರಳುಗಳು ದೊರೆಯುತ್ತವೆ. ಹೆಸರಿನಲ್ಲಿ ಜೆಲ್ ಎಂದಿದ್ದರೂ ಅದು ಘನವಸ್ತುವೇ ಹೌದು.

ಈ ಹರಳಿನೊಳಗೆ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳಿರುತ್ತವೆ. ತೇವಹಾರಿಯಾಗಿ ಬಳಸುವ ಸಾಮಾನ್ಯ ದರ್ಜೆಯ ಒಂದು ಗ್ರಾಂ ಸಿಲಿಕಾ ಜೆಲ್‌ನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಅದು ಸುಮಾರು 700 ಚದರ ಮೀಟರ್ ಆಗುತ್ತದೆ. ಗಾಳಿಯಲ್ಲಿರುವ ನೀರಿನ ಆವಿ ಈ ಒಳಮೈಗೆ ಅಂಟಿಕೊಂಡು ನಿಲ್ಲುತ್ತದೆ. ಇದಕ್ಕೆ ವಿಜ್ಞಾನದಲ್ಲಿ ಅಧಿಶೋಷಣೆ ಎಂಬ ಹೆಸರಿದೆ. ಸ್ಪಂಜು ನೀರನ್ನು ಹೀರಿ ಉಬ್ಬುವಂತೆ ಸಿಲಿಕಾ ಜೆಲ್ ಉಬ್ಬುವುದಿಲ್ಲ, ಒದ್ದೆಯಾಗಿಯೂ ತೋರುವುದಿಲ್ಲ. ಗಾಳಿ ಬಹಳ ತೇವವಾಗಿದ್ದಾಗ ತನ್ನ ತೂಕದ ಶೇಕಡಾ 35ರಿಂದ 40ರಷ್ಟು ನೀರನ್ನು ಅದು ಹಿಡಿದಿಡಬಲ್ಲದು. ಸುಮಾರು 120 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ನೀರನ್ನು ಬಿಟ್ಟುಕೊಟ್ಟು ಮತ್ತೆ ಮೊದಲಿನಂತಾಗುತ್ತದೆ. ಒಮ್ಮೆ ಕೊಂಡದ್ದನ್ನು ಹಲವು ಬಾರಿ ಬಳಸಬಹುದಾದ ಈ ಗುಣವೇ ವ್ಯವಹಾರದ ದೃಷ್ಟಿಯಿಂದ ಅದರ ದೊಡ್ಡ ಆಸ್ತಿ.

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ವಾಲ್ಟರ್ ಪ್ಯಾಟ್ರಿಕ್ ಅವರು ಇದರ ತಯಾರಿಕಾ ವಿಧಾನಕ್ಕೆ 1919ರಲ್ಲಿ ಪೇಟೆಂಟ್ ಪಡೆದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಷಾನಿಲದಿಂದ ರಕ್ಷಣೆ ನೀಡುವ ಮುಖವಾಡಗಳಿಗಾಗಿ ಪರಿಗಣಿಸಲ್ಪಟ್ಟ ಈ ವಸ್ತು, ಎರಡನೆಯ ಮಹಾಯುದ್ಧದ ವೇಳೆಗೆ ಪೆನಿಸಿಲಿನ್ ಔಷಧವನ್ನು ಒಣಗಿದ ಸ್ಥಿತಿಯಲ್ಲಿಡುವುದಕ್ಕೂ ಯುದ್ಧೋಪಕರಣಗಳು ತುಕ್ಕು ಹಿಡಿಯದಂತೆ ಕಾಯುವುದಕ್ಕೂ ಅನಿವಾರ್ಯವಾಯಿತು.

ಶೇಕಡಾವಾರು ಅಂಕಿಯ ಹಿಂದಿನ ಹರಳು

ಕಡೂರು ಸೀಮೆಯ ರೈತರು ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಲವು ತಿಂಗಳು ಇರಿಸಿ ಉಂಡೆ ಕೊಬ್ಬರಿ ಮಾಡುವ ಪದ್ಧತಿ ಬಲು ಹಿಂದಿನದು. ಬೆಂಬಲ ಬೆಲೆ ಯೋಜನೆಯ ಖರೀದಿಯಲ್ಲಿ ಉಂಡೆ ಕೊಬ್ಬರಿಗೆ ತೇವಾಂಶದ ಗರಿಷ್ಠ ಮಿತಿ ಶೇಕಡಾ 7; ಎಣ್ಣೆ ಕೊಬ್ಬರಿಗೆ ಶೇಕಡಾ 6. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಬೆಲೆ ಇಷ್ಟಿರುವಾಗ ಶೇಕಡಾ ಒಂದರ ತೇವಾಂಶವೂ ಸಣ್ಣ ಮೊತ್ತವಲ್ಲ.

ಒಂದು ಉದಾಹರಣೆಯನ್ನು ನೋಡಬಹುದು. ಶೇಕಡಾ 10ರ ತೇವಾಂಶವಿರುವ 100 ಕ್ವಿಂಟಲ್ ಕೊಬ್ಬರಿಯನ್ನು ಶೇಕಡಾ 7ಕ್ಕೆ ಒಣಗಿಸಿದರೆ ಎಷ್ಟು ಉಳಿಯುತ್ತದೆ? ಹತ್ತರಲ್ಲಿ ಏಳು ಕಳೆದರೆ ಮೂರು. ಆದ್ದರಿಂದ 97 ಕ್ವಿಂಟಲ್ ಎಂದು ಬಾಯಿಲೆಕ್ಕದಲ್ಲಿ ಹೇಳುವವರೇ ಹೆಚ್ಚು. ಇದು ತಪ್ಪು. ಸರಕಿನಲ್ಲಿ ಬದಲಾಗದೆ ಉಳಿಯುವುದು ನೀರನ್ನು ಬಿಟ್ಟ 90 ಕ್ವಿಂಟಲ್ ಒಣ ಭಾಗ. ಅದು ಹೊಸ ತೂಕದ ಶೇಕಡಾ 93 ಆಗಬೇಕು. ಹಾಗಾಗಿ ಉಳಿಯುವುದು 96.77 ಕ್ವಿಂಟಲ್, ಕರಗುವುದು 3.23 ಕ್ವಿಂಟಲ್. ಮೇಲಿನ ಬೆಲೆಯಲ್ಲಿ ಇದು ಸುಮಾರು 39,000 ರೂಪಾಯಿ. ಬಾಯಿಲೆಕ್ಕಕ್ಕೂ ನಿಜ ಲೆಕ್ಕಕ್ಕೂ ನಡುವಿನ ಅಂತರವೇ 2,700 ರೂಪಾಯಿ ಮೀರುತ್ತದೆ. ವರ್ಷದ ಕೊನೆಯಲ್ಲಿ ದಾಸ್ತಾನು ತಾಳೆಯಾಗದೆ ಗುಮಾಸ್ತರನ್ನು ಅನುಮಾನಿಸುವ ಮುನ್ನ ಮಾಲೀಕರು ಈ ಸೂತ್ರವನ್ನು ಒಮ್ಮೆ ಪರಿಶೀಲಿಸುವುದು ಒಳಿತು.

ಈ ಲೆಕ್ಕವೆಲ್ಲ ನಿಂತಿರುವುದು ತೇವಾಂಶದ ಅಂಕಿ ಸರಿಯಾಗಿದ್ದರೆ ಮಾತ್ರ. ಪೇಟೆಯಲ್ಲಿ ಬಳಸುವ ವಿದ್ಯುನ್ಮಾನ ಮೀಟರು ತಾನೇ ನೀರನ್ನು ತೂಗುವುದಿಲ್ಲ. ಪ್ರಯೋಗಾಲಯದ ಒಲೆಯ ಪರೀಕ್ಷೆಯೊಂದಿಗೆ ಹೋಲಿಸಿ ಅದನ್ನು ಹೊಂದಿಸಿರಲಾಗುತ್ತದೆ. ಒಲೆಯ ಪರೀಕ್ಷೆಯಲ್ಲಿ ಮಾದರಿಯನ್ನು ತೂಗಿ, ನೀರೆಲ್ಲ ಹೋಗುವವರೆಗೆ ಕಾಯಿಸಿ, ಆರಿಸಿ, ಮತ್ತೆ ತೂಗುತ್ತಾರೆ. ಬಿಸಿಯಾದ ಮಾದರಿಯನ್ನು ಬಯಲಿನಲ್ಲಿ ಆರಲು ಬಿಟ್ಟರೆ ಅದು ಗಾಳಿಯಲ್ಲಿರುವ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಆದ್ದರಿಂದ ಅದನ್ನು ಡೆಸಿಕೇಟರ್ ಎಂಬ ಮುಚ್ಚಳವಿರುವ ಗಾಜಿನ ಪಾತ್ರೆಯಲ್ಲಿಟ್ಟು ಆರಿಸಬೇಕು. ಆ ಪಾತ್ರೆಯ ತಳದಲ್ಲಿ ಇರುವುದೇ ಸಿಲಿಕಾ ಜೆಲ್.

ಆ ಜೆಲ್ ಈಗಾಗಲೇ ನೀರು ಕುಡಿದು ಕೆಲಸ ನಿಲ್ಲಿಸಿದ್ದರೆ ಏನಾಗುತ್ತದೆ? ಹತ್ತು ಗ್ರಾಂ ಮಾದರಿಗೆ ಆರುವ ವೇಳೆಯಲ್ಲಿ ಕೇವಲ 50 ಮಿಲಿಗ್ರಾಂ ನೀರು ಮರಳಿ ಸೇರಿದರೂ, ಶೇಕಡಾ 7 ಇರುವ ತೇವಾಂಶ ಶೇಕಡಾ 6.5 ಎಂದು ದಾಖಲಾಗುತ್ತದೆ. ನೂರು ಕ್ವಿಂಟಲಿನ ಲೋಡಿನಲ್ಲಿ ಇದು ಸುಮಾರು ಅರ್ಧ ಕ್ವಿಂಟಲ್ ನೀರು. ಕೊಬ್ಬರಿಯ ಬೆಲೆಯಲ್ಲಿ ಆರು ಸಾವಿರ ರೂಪಾಯಿಗೂ ಹೆಚ್ಚು. ಈ ತಪ್ಪು ಅಂಕಿಗೇ ಮೀಟರನ್ನು ಹೊಂದಿಸಿದಲ್ಲಿ ಹಂಗಾಮಿನ ಎಲ್ಲ ವಹಿವಾಟಿಗೂ ಅದು ತಗಲುತ್ತದೆ. ಕೊಂಡವನು ಮೊದಲು ನಷ್ಟ ಅನುಭವಿಸುತ್ತಾನೆ. ಅನುಮಾನಗೊಂಡು ಮುಂದಿನ ಬಾರಿ ಅಂದಾಜಿನ ಮೇಲೆ ಕಡಿತ ಮಾಡುತ್ತಾನೆ. ಆಗ ಚೆನ್ನಾಗಿ ಒಣಗಿಸಿ ತಂದ ರೈತನೂ ಶಿಕ್ಷೆಗೆ ಗುರಿಯಾಗುತ್ತಾನೆ. ಒಂದು ಹಿಡಿ ಹರಳಿನ ನಿರ್ಲಕ್ಷ್ಯದಿಂದ ಪೇಟೆಯ ನಂಬಿಕೆಯೇ ಕೆಡುವುದು ಹೀಗೆ.

ತರೀಕೆರೆ: ಅಡಿಕೆ ಚೀಲಕ್ಕೆ ಬೇಕೆ?

ತರೀಕೆರೆ ಭಾಗದಲ್ಲಿ ಸುಲಿದ ಹಸಿ ಅಡಿಕೆಯನ್ನು ಬೇಯಿಸಿ, ಬಿಸಿಲಿನಲ್ಲಿ ಒಣಗಿಸಿ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ ಮಾರುತ್ತಾರೆ. ಕೊಯ್ಲಿನ ದಿನಗಳಲ್ಲಿ ಮೋಡ ಕವಿದರೆ ಬೆಳೆಗಾರರ ನಿದ್ದೆ ಕೆಡುತ್ತದೆ. ಇಂತಹ ಸಮಯದಲ್ಲಿ ಅಡಿಕೆ ಅಥವಾ ಕೊಬ್ಬರಿಯ ಚೀಲಕ್ಕೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಒಣಗಿಸಬಹುದೇ ಎಂಬ ಪ್ರಶ್ನೆ ಸಹಜ.

ಉತ್ತರವನ್ನು ಲೆಕ್ಕವೇ ಹೇಳುತ್ತದೆ. ಒಂದು ಕ್ವಿಂಟಲ್ ಸರಕನ್ನು ಶೇಕಡಾ 10ರಿಂದ 7ಕ್ಕೆ ಇಳಿಸಲು 3.23 ಕಿಲೋಗ್ರಾಂ ನೀರನ್ನು ತೆಗೆಯಬೇಕು. ಜೆಲ್ ತನ್ನ ತೂಕದ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗ ನೀರನ್ನು ಹಿಡಿಯುತ್ತದೆಂದು ಎಣಿಸಿದರೂ ಪ್ರತಿ ಕ್ವಿಂಟಲಿಗೆ 13ರಿಂದ 16 ಕಿಲೋಗ್ರಾಂ ಜೆಲ್ ಬೇಕಾಗುತ್ತದೆ. ಬಳಿಕ ಅದನ್ನು ಮತ್ತೆ ಕಾಯಿಸುವ ಖರ್ಚು ಬೇರೆ. ಮೇಲಾಗಿ ಗೋಣಿಚೀಲವು ಗಾಳಿಯನ್ನು ತಡೆಯುವುದಿಲ್ಲ. ಅದರೊಳಗಿನ ಪೊಟ್ಟಣವು ಸರಕನ್ನು ಒಣಗಿಸುವ ಬದಲು ಗೋದಾಮಿನ ಗಾಳಿಯನ್ನು ಒಣಗಿಸಲು ಹೊರಟು, ಕೆಲವೇ ಗಂಟೆ ಅಥವಾ ದಿನಗಳಲ್ಲಿ ಸೋಲುತ್ತದೆ. ಬಿಸಿಲು, ಶುಭ್ರವಾದ ಕಣ, ಒಳ್ಳೆಯ ಡ್ರೈಯರು, ನೆಲದಿಂದ ಮೇಲೆತ್ತಿದ ಮರದ ಅಟ್ಟಣೆ ಇವುಗಳ ಕೆಲಸವನ್ನು ಸಿಲಿಕಾ ಜೆಲ್ ಮಾಡಲಾರದು. ಸಗಟು ಸರಕನ್ನು ಒಣಗಿಸುವುದು ಬಿಸಿಲಿನ ಕೆಲಸ; ಒಣಗಿದ ಬೆಲೆಬಾಳುವ ವಸ್ತುವನ್ನು ಮುಚ್ಚಿದ ಡಬ್ಬಿಯಲ್ಲಿ ಕಾಯುವುದು ಸಿಲಿಕಾ ಜೆಲ್‌ನ ಕೆಲಸ. ಈ ಭೇದವನ್ನು ತಿಳಿದವನಿಗೆ ನಷ್ಟವಿಲ್ಲ.

ಆದರೆ ಅಡಿಕೆ, ಕೊಬ್ಬರಿಗಳ ಗುಣಪರೀಕ್ಷೆಯಲ್ಲಿ ಇದೇ ವಸ್ತು ಇನ್ನೊಂದು ರೂಪದಲ್ಲಿ ಬರುತ್ತದೆ. ತೇವದಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಸ್ರವಿಸುತ್ತವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಅಡಿಕೆಯಲ್ಲಿ ಇದರ ಒಟ್ಟು ಪ್ರಮಾಣ ಕಿಲೋಗ್ರಾಂಗೆ 15 ಮೈಕ್ರೋಗ್ರಾಂ ಮೀರಬಾರದು. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಪತ್ತೆ ಹಚ್ಚುವ ವಿಧಾನಗಳಲ್ಲಿ ಒಂದು, ಗಾಜಿನ ಫಲಕದ ಮೇಲೆ ತೆಳುವಾಗಿ ಬಳಿದ ಸಿಲಿಕಾ ಜೆಲ್ ಪದರದ ಮೇಲೆ ಮಾದರಿಯ ಸಾರವನ್ನು ಹರಿಯಬಿಡುವುದು. ಬೇರೆ ಬೇರೆ ಅಂಶಗಳು ಬೇರೆ ಬೇರೆ ದೂರಕ್ಕೆ ಸಾಗುತ್ತವೆ. ಅತಿನೇರಳೆ ಬೆಳಕಿನಲ್ಲಿ ವಿಷದ ಚುಕ್ಕೆ ಹೊಳೆದು ಕಾಣುತ್ತದೆ.

ಕ್ರೊಮ್ಯಾಟೊಗ್ರಫಿ ಎಂಬ ಈ ವಿದ್ಯೆಯ ಇತಿಹಾಸದಲ್ಲಿ ವರ್ತಕ ಸಂಘಗಳು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. 1941ರಲ್ಲಿ ಸಿಲಿಕಾ ಜೆಲ್ ಅನ್ನು ಬಳಸಿ ವಿಭಜನಾ ಕ್ರೊಮ್ಯಾಟೊಗ್ರಫಿಯನ್ನು ರೂಪಿಸಿದ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಅವರು ಕೆಲಸ ಮಾಡುತ್ತಿದ್ದುದು ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆ ಕೈಗಾರಿಕೆಗಳ ಸಂಶೋಧನಾ ಸಂಘದಲ್ಲಿ. ಉಣ್ಣೆಯ ಘಟಕಗಳನ್ನು ತಿಳಿಯಲು ಹೊರಟ ಆ ಕೆಲಸಕ್ಕೆ 1952ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಒಂದು ವ್ಯಾಪಾರದ ಹಿತಕ್ಕಾಗಿ ಕಟ್ಟಿದ ಪ್ರಯೋಗಾಲಯವು ಲೋಕಕ್ಕೇ ಉಪಕಾರ ಮಾಡಿದ ನಿದರ್ಶನವಿದು.

ಟಿ.ಸಿ.ಯ ಉಸಿರು

ಕಡೂರಿನ ಕೊಳವೆ ಬಾವಿಗಳಿಂದ ಹಿಡಿದು, ಭದ್ರಾ ನೀರನ್ನು ಅಜ್ಜಂಪುರದ ಸುರಂಗದತ್ತ ಎತ್ತುವ ಭದ್ರಾ ಮೇಲ್ದಂಡೆ ಯೋಜನೆಯ ಪಂಪುಗಳವರೆಗೆ ಈ ಸೀಮೆಯ ನೀರಾವರಿ ನಿಂತಿರುವುದು ವಿದ್ಯುತ್ತಿನ ಮೇಲೆ. ರೈತರು ಟಿ.ಸಿ. ಎಂದು ಕರೆಯುವ ಪರಿವರ್ತಕದೊಳಗೆ ನಿರೋಧಕ ಎಣ್ಣೆ ಇರುತ್ತದೆ. ಹೊರೆ ಬಿದ್ದಾಗ ಎಣ್ಣೆ ಬಿಸಿಯಾಗಿ ಹಿಗ್ಗಿ ಮೇಲಿನ ಗಾಳಿಯನ್ನು ಹೊರದೂಡುತ್ತದೆ. ಹೊರೆ ತಗ್ಗಿದಾಗ ಎಣ್ಣೆ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಪಂಪ್‌ಸೆಟ್ಟುಗಳಿಗೆ ಪಾಳಿಯಲ್ಲಿ ತ್ರೀಫೇಸ್ ವಿದ್ಯುತ್ ಬಿಟ್ಟು ನಿಲ್ಲಿಸುವ ಕಡೆಗಳಲ್ಲಿ ಟಿ.ಸಿ. ಹೀಗೆ ದಿನವೂ ಉಸಿರಾಡುತ್ತದೆ.

ಮುಂಗಾರಿನ ತೇವದ ಗಾಳಿ ನೇರವಾಗಿ ಒಳಹೊಕ್ಕರೆ ಎಣ್ಣೆಯಲ್ಲಿ ನೀರು ಸೇರುತ್ತದೆ. ಹತ್ತು ಲಕ್ಷ ಭಾಗ ಎಣ್ಣೆಗೆ ಕೆಲವು ಹತ್ತು ಭಾಗ ನೀರು ಸೇರಿದರೂ ಅದರ ನಿರೋಧಕ ಶಕ್ತಿ ಗಣನೀಯವಾಗಿ ಕುಸಿಯುತ್ತದೆ. ಸುರುಳಿಗಳಿಗೆ ಸುತ್ತಿದ ಕಾಗದವೂ ಬೇಗ ಮುದಿಯಾಗುತ್ತದೆ. ಇದನ್ನು ತಡೆಯಲೆಂದು ಉಸಿರಿನ ದಾರಿಯಲ್ಲಿ ಬ್ರೀದರ್ ಎಂಬ ಪಾರದರ್ಶಕ ಬುರುಡೆಯನ್ನು ಕೂರಿಸಿ, ಅದರಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ತುಂಬಿರುತ್ತಾರೆ. ನೀಲಿ ಬಣ್ಣವಿದ್ದರೆ ಜೆಲ್ ಒಣಗಿದೆ ಎಂದರ್ಥ; ನಸುಗೆಂಪಾದರೆ ಅದು ನೀರು ತುಂಬಿಕೊಂಡು ಬದಲಾವಣೆಗೆ ಕಾದಿದೆ ಎಂದರ್ಥ. ಸಣ್ಣ ಟಿ.ಸಿ.ಗಳಲ್ಲಿ ಗಾಳಿಯೇ ಆಡದಂತೆ ಮುಚ್ಚಿದವೂ ಉಂಟು.

ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಶೀತಲ ಗೃಹಗಳ ಮಾಲೀಕರು ಸ್ವಂತ ಪರಿವರ್ತಕವನ್ನು ಹೊಂದಿರುವುದುಂಟು. ಅವರು ವಾರಕ್ಕೊಮ್ಮೆ ದೂರದಿಂದ ಬ್ರೀದರಿನ ಬಣ್ಣವನ್ನು ನೋಡುವುದಕ್ಕೆ ಕಾಸೂ ಖರ್ಚಿಲ್ಲ. ಮುಟ್ಟುವ ಕೆಲಸವನ್ನು ಮಾತ್ರ ಪರವಾನಗಿ ಪಡೆದ ಸಿಬ್ಬಂದಿಗೇ ಬಿಡತಕ್ಕದ್ದು. ಪರಿವರ್ತಕ ಸುಟ್ಟರೆ ಬರುವ ದುರಸ್ತಿ ವೆಚ್ಚಕ್ಕಿಂತ, ಹಂಗಾಮಿನ ನಡುವೆ ಗಿರಣಿ ನಿಂತು ಆಗುವ ನಷ್ಟ ದೊಡ್ಡದೆಂಬುದನ್ನು ಅನುಭವಿಗಳು ಬಲ್ಲರು.

ಅಜ್ಜಂಪುರ: ಈರುಳ್ಳಿ ಬೀಜದ ಆಯುಷ್ಯ

ತರೀಕೆರೆಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರ ಈರುಳ್ಳಿಗೆ ಹೆಸರಾದ ಸೀಮೆ. ಸಿಲಿಕಾ ಜೆಲ್‌ನಿಂದ ಅತಿ ಹೆಚ್ಚು ಲಾಭ ಪಡೆಯಬಹುದಾದವರು ಇಲ್ಲಿಯ ಬೀಜ ವ್ಯಾಪಾರಿಗಳು ಮತ್ತು ಸ್ವಂತ ಬೀಜ ಇಟ್ಟುಕೊಳ್ಳುವ ರೈತರು. ತರಕಾರಿ ಬೀಜಗಳಲ್ಲಿ ಈರುಳ್ಳಿ ಬೀಜ ಅಲ್ಪಾಯುಷಿ. ಸಾಮಾನ್ಯ ಕೋಣೆಯ ಹವೆಯಲ್ಲಿ ಬಟ್ಟೆ ಚೀಲದಲ್ಲಿಟ್ಟ ಬೀಜದ ಮೊಳೆಯುವ ಶಕ್ತಿ ಒಂದು ವರ್ಷ ಕಳೆಯುವಷ್ಟರಲ್ಲಿ ಬಹಳವಾಗಿ ಕುಗ್ಗುತ್ತದೆ.

ಭಾರತದ ಬೀಜ ಪ್ರಮಾಣೀಕರಣ ಮಾನದಂಡದಂತೆ ಈರುಳ್ಳಿ ಬೀಜದ ಮೊಳಕೆ ಪ್ರಮಾಣ ಕನಿಷ್ಠ ಶೇಕಡಾ 70 ಇರಬೇಕು. ತೇವಾಂಶವು ಸಾಮಾನ್ಯ ಚೀಲದಲ್ಲಿ ಶೇಕಡಾ 8, ಆವಿ ನುಸುಳದ ಪೊಟ್ಟಣದಲ್ಲಿ ಶೇಕಡಾ 6 ಮೀರಬಾರದು. ಬೀಜ ವಿಜ್ಞಾನಿ ಜೆ.ಎಫ್. ಹ್ಯಾರಿಂಗ್ಟನ್ ಅವರ ಪ್ರಸಿದ್ಧ ಸ್ಥೂಲ ಸೂತ್ರದ ಪ್ರಕಾರ, ಬೀಜದ ತೇವಾಂಶ ಶೇಕಡಾ 5ರಿಂದ 14ರ ನಡುವೆ ಇರುವಾಗ, ಶೇಕಡಾ ಒಂದರಷ್ಟು ತಗ್ಗಿಸಿದಂತೆಲ್ಲ ಅದರ ಆಯುಷ್ಯ ಇಮ್ಮಡಿಯಾಗುತ್ತದೆ. ಉಷ್ಣತೆಯನ್ನು 5 ಡಿಗ್ರಿ ಇಳಿಸಿದರೂ ಅಷ್ಟೇ ಫಲ.

ಇಲ್ಲಿ ಲೆಕ್ಕ ತಿರುಗುತ್ತದೆ. ಒಂದು ಕಿಲೋಗ್ರಾಂ ಬೀಜವನ್ನು ಶೇಕಡಾ 10ರಿಂದ 6ಕ್ಕೆ ಇಳಿಸಲು ತೆಗೆಯಬೇಕಾದ ನೀರು ಕೇವಲ 43 ಗ್ರಾಂ. ಗಾಳಿ ಒಣಗಿದಂತೆ ಜೆಲ್‌ನ ಹಿಡಿತವೂ ತಗ್ಗುವುದರಿಂದ ತೂಕದ ಆರನೆಯ ಒಂದು ಭಾಗವನ್ನಷ್ಟೇ ಹೀರುತ್ತದೆಂದು ಎಣಿಸಿದರೂ 250ರಿಂದ 300 ಗ್ರಾಂ ಜೆಲ್ ಸಾಕು. ಗಾಳಿಯಾಡದ ಡಬ್ಬಿಯ ತಳದಲ್ಲಿ ಜೆಲ್ ಹರಡಿ, ಮೇಲೆ ತೆಳು ಬಟ್ಟೆಯ ಚೀಲದಲ್ಲಿ ಬೀಜವಿಟ್ಟು, ಮುಚ್ಚಳವನ್ನು ಬಿಗಿಯಾಗಿ ಹಾಕಬೇಕು. ಜೆಲ್ ಬಣ್ಣ ಬದಲಿಸಿದರೆ ತೆಗೆದು ಕಾಯಿಸಿ, ಪೂರ್ತಿ ಆರಿಸಿ ಮತ್ತೆ ಇಡಬೇಕು. ಬಿಸಿ ಜೆಲ್ಲನ್ನು ಬೀಜದ ಬಳಿ ಇಡಬಾರದು. ಶೇಕಡಾ 5ಕ್ಕಿಂತ ಕೆಳಕ್ಕೆ ಒಣಗಿಸುವ ಅಗತ್ಯವಿಲ್ಲ.

ನಾಟಿ ಪದ್ಧತಿಯಲ್ಲಿ ಹೆಕ್ಟೇರಿಗೆ ಬೇಕಾಗುವ ಬೀಜ 8ರಿಂದ 10 ಕಿಲೋಗ್ರಾಂ. ಅಂದರೆ ಮೂರು ಕಿಲೋಗ್ರಾಂ ಜೆಲ್, ಅದೂ ವರ್ಷ ವರ್ಷ ಮರುಬಳಕೆಯಾಗುವಂಥದು, ಒಂದು ಹೆಕ್ಟೇರಿನ ಬಿತ್ತನೆಯನ್ನು ಕಾಯುತ್ತದೆ. ಮೊಳಕೆ ಬಾರದಿದ್ದರೆ ಕೈತಪ್ಪುವುದು ಬೀಜದ ಬೆಲೆಯಷ್ಟೇ ಅಲ್ಲ. ಉಳುಮೆ, ಗೊಬ್ಬರ, ಕೂಲಿ ಮತ್ತು ಮತ್ತೆ ಬಾರದ ಮಳೆಯ ಹದ. ಬೆಲೆ ಏರಿದ ವರ್ಷ ಬೀಜದ ಅಭಾವವೂ ಏರುವುದರಿಂದ, ಹಿಂದಿನ ವರ್ಷದ ಒಳ್ಳೆಯ ಬೀಜವನ್ನು ಜೀವಂತವಾಗಿ ಉಳಿಸಿಕೊಂಡವನು ಪೇಟೆಯ ದಯೆಗೆ ಕಾಯಬೇಕಿಲ್ಲ.

ಇತರ ಕೈಗಾರಿಕೆಗಳಲ್ಲಿ

ಸಂಕುಚಿತ ಗಾಳಿ ಹಾಗೂ ನೈಸರ್ಗಿಕ ಅನಿಲವನ್ನು ಒಣಗಿಸುವುದಕ್ಕೆ, ಖಾದ್ಯ ತೈಲದ ಶುದ್ಧೀಕರಣದಲ್ಲಿ ಸಾಬೂನಿನ ಅಂಶವನ್ನು ತೆಗೆಯುವುದಕ್ಕೆ, ಬಿಯರನ್ನು ತಿಳಿಗೊಳಿಸುವುದಕ್ಕೆ ಸಿಲಿಕಾ ಜೆಲ್ ಬಳಕೆಯಲ್ಲಿದೆ. ಸಿಲಿಕಾದ ಸಮೀಪದ ರೂಪಗಳು ದಂತಮಂಜನದಲ್ಲಿಯೂ, ಮಸಾಲೆ ಪುಡಿ ಗಂಟುಕಟ್ಟದಂತೆ ತಡೆಯುವುದರಲ್ಲಿಯೂ ಇವೆ. 1951ರಲ್ಲಿ ಅಮೆರಿಕದ ಫಿಲಿಪ್ಸ್ ಕಂಪನಿಯ ಹೋಗನ್ ಮತ್ತು ಬ್ಯಾಂಕ್ಸ್ ಅವರು ಸಿಲಿಕಾ ಆಧಾರದ ಮೇಲೆ ಕ್ರೋಮಿಯಂ ಕೂರಿಸಿದ ವೇಗವರ್ಧಕದ ಕುಟುಂಬವನ್ನು ಕಂಡುಹಿಡಿದರು; ತೋಟಕ್ಕೆ ನೀರು ಹರಿಸುವ ಎಚ್.ಡಿ.ಪಿ.ಇ. ಪೈಪುಗಳ ಪ್ಲಾಸ್ಟಿಕ್ ತಯಾರಿಕೆಯಲ್ಲಿ ಇಂದಿಗೂ ಇದು ಬಳಕೆಯಲ್ಲಿದೆ.

ಕಚ್ಚಾವಸ್ತುವಿನ ದೃಷ್ಟಿಯಿಂದಲೂ ಈ ಸೀಮೆ ಗಮನಿಸಬೇಕಾದ ಅಂಶವಿದೆ. ಒಂದು ಟನ್ ಭತ್ತದಿಂದ ಸುಮಾರು 200 ಕಿಲೋಗ್ರಾಂ ಹೊಟ್ಟು, ಅದನ್ನು ಸುಟ್ಟರೆ ಸುಮಾರು 40 ಕಿಲೋಗ್ರಾಂ ಬೂದಿ ದೊರೆಯುತ್ತದೆ. ಆ ಬೂದಿಯ ಬಹುಭಾಗ ಸಿಲಿಕಾ. ಇದರಿಂದ ಸೋಡಿಯಂ ಸಿಲಿಕೇಟ್ ತೆಗೆದು ಸಿಲಿಕಾ ತಯಾರಿಸುವ ವಿಧಾನಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ದಿಕ್ಕಿನ ತಂತ್ರಜ್ಞಾನ ರೂಪುಗೊಂಡಿದೆ. ಭದ್ರಾ ಅಚ್ಚುಕಟ್ಟಿನ ಗಿರಣಿಗಳ ಬೂದಿಯನ್ನು ಒಟ್ಟುಗೂಡಿಸುವ ಯೋಜನೆಗೆ ಕೈಹಾಕುವವರು ಬೂದಿಯ ಗುಣ, ಸಾಗಣೆ ಹಾಗೂ ತ್ಯಾಜ್ಯ ನೀರಿನ ವೆಚ್ಚಗಳನ್ನು ಮೊದಲು ಲೆಕ್ಕಕ್ಕೆ ಹಿಡಿಯಬೇಕು.

ಕೊಳ್ಳುವಾಗ ಗಮನಿಸತಕ್ಕ ಅಂಶಗಳು

1. ಸಿಲಿಕಾ ಜೆಲ್‌ಗೆ ಭಾರತೀಯ ಮಾನಕ ಐ.ಎಸ್. 3401 ಇದೆ. ಬೆಲೆಯನ್ನು ತೂಕದ ಮೇಲೆ ಮಾತ್ರ ಹೋಲಿಸದೆ, ನಿರ್ದಿಷ್ಟ ಆರ್ದ್ರತೆಯಲ್ಲಿ ಎಷ್ಟು ನೀರು ಹಿಡಿಯುತ್ತದೆಂಬ ಪರೀಕ್ಷಾ ವರದಿಯನ್ನು ಕೇಳಬೇಕು.

2. ನೀಲಿ ಜೆಲ್‌ನ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದು. ಯುರೋಪಿಯನ್ ಒಕ್ಕೂಟವು 2008ರಲ್ಲಿ ಇದನ್ನು ಅತಿ ಕಳವಳಕಾರಿ ವಸ್ತುಗಳ ಪಟ್ಟಿಗೆ ಸೇರಿಸಿತು. ಆಹಾರ, ಔಷಧ ಮತ್ತು ರಫ್ತು ಸರಕಿನ ಜೊತೆಗೆ ಬಣ್ಣವಿಲ್ಲದ ಅಥವಾ ಕೋಬಾಲ್ಟ್ ಇಲ್ಲದ ಕಿತ್ತಳೆ ಜೆಲ್ಲನ್ನೇ ಬಳಸುವುದು ಕ್ಷೇಮ.

3. ಬಣ್ಣವಿಲ್ಲದ ಜೆಲ್ ವಿಷವಲ್ಲ. ಆದರೂ ಪೊಟ್ಟಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

4. ಶುದ್ಧ ಸಿಲಿಕಾ ಜೆಲ್ ಸುಂಕ ಪಟ್ಟಿಯ 2811 ಶೀರ್ಷಿಕೆಗೂ, ಕೋಬಾಲ್ಟ್ ಲವಣ ಸೇರಿದ ಜೆಲ್ 3824 ಶೀರ್ಷಿಕೆಗೂ ಸೇರುತ್ತವೆ. ಬಿಲ್ಲಿನಲ್ಲಿ ಇವೆರಡನ್ನೂ ಬೆರೆಸಬಾರದು.

5. ಬಿತ್ತನೆ ಬೀಜದಂತಹ ತೆರಿಗೆ ವಿನಾಯಿತಿ ಸರಕಿಗೆ ಬಳಸಿದ ಜೆಲ್ ಮೇಲಿನ ಜಿ.ಎಸ್.ಟಿ.ಗೆ ಇನ್‌ಪುಟ್ ಕ್ರೆಡಿಟ್ ದೊರೆಯದು. ಆ ತೆರಿಗೆಯನ್ನೂ ವೆಚ್ಚಕ್ಕೆ ಸೇರಿಸಿಯೇ ಲಾಭ ನೋಡಬೇಕು.

ಸಿಲಿಕಾ ಜೆಲ್ ಪವಾಡದ ವಸ್ತುವಲ್ಲ. ಹಸಿ ಸರಕನ್ನು ಒಣ ಸರಕಾಗಿಸುವ ಶಕ್ತಿಯನ್ನು ಅದರಿಂದ ನಿರೀಕ್ಷಿಸಿದವರಿಗೆ ನಿರಾಶೆಯೇ ಗತಿ. ಆದರೆ ಬೀಜದ ಡಬ್ಬಿ, ಟಿ.ಸಿ.ಯ ಬ್ರೀದರು ಮತ್ತು ಪ್ರಯೋಗಾಲಯದ ಡೆಸಿಕೇಟರು ಎಂಬ ಮೂರು ಸ್ಥಾನಗಳಲ್ಲಿ ಅದು ಕಾಯುವ ಹಣಕ್ಕೆ ಹೋಲಿಸಿದರೆ ಅದರ ಬೆಲೆ ಅತ್ಯಲ್ಪ. ಮೂರು ಪೇಟೆಗಳ ವರ್ತಕ ಸಂಘಗಳು ಒಟ್ಟುಗೂಡಿ, ಪ್ರತಿ ಹಂಗಾಮಿನ ಆರಂಭದಲ್ಲಿ ತೇವಾಂಶ ಮೀಟರುಗಳನ್ನು ರೈತರ ಸಮಕ್ಷಮದಲ್ಲಿ ಒಲೆಯ ಪರೀಕ್ಷೆಯೊಂದಿಗೆ ತಾಳೆ ನೋಡಿಸುವ ಏರ್ಪಾಡು ಮಾಡಿದಲ್ಲಿ ಅನೇಕ ತಕರಾರುಗಳು ಹುಟ್ಟುವ ಮೊದಲೇ ಶಮನವಾಗುವವು. ಆ ದಿನ ಡೆಸಿಕೇಟರಿನ ತಳದ ಜೆಲ್‌ನ ಬಣ್ಣವನ್ನು ನೋಡಿದ ಮೇಲೆಯೇ ತೂಕವನ್ನು ಬರೆದುಕೊಳ್ಳತಕ್ಕದ್ದು.